ದೊಡ್ಡತಾಯಮ್ಮ ಕೂತಿದ್ದು

ಹಾರನಹಳ್ಳಿ ಹೋಬಳಿಯಲ್ಲಿ ದೊಡ್ಡತಾಯಮ್ಮನ ಜೊತೆ ಮಾತಾಡಿ ಗೆದ್ದವರಿಲ್ಲ ಅಂತ ಜನ ಹೇಳುತ್ತಾರೆ. ಅದು ಸುಳ್ಳು. ಅವಳು ಮಾತಾಡಿ ಗೆದ್ದದ್ದು ಕಮ್ಮಿ, ಕೂತು ಗೆದ್ದದ್ದೇ ಹೆಚ್ಚು. ವಾದ ಮುಗಿದ ಮೇಲೆ ಉಳಿದವರು ಮನೆ ದಾರಿ ಹಿಡಿಯುತ್ತಾರೆ, ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ಜಾಗದಲ್ಲೇ ಕೂತುಬಿಡುತ್ತಾಳೆ. ಒಂದು ವರ್ಷ ಪಿರಿಯಾಪಟ್ಟಣದ ತಂಬಾಕು ಹರಾಜಿನಲ್ಲಿ ಇವಳ ಮೂಟೆ ನೋಡಿ ಯಾರೋ, ತೂಕ ಬರಲಿ ಅಂತ ನೀರು ಚಿಮುಕಿಸಿದ್ದಾರೆ ಅಂದರು. ಗಂಡ ಕರಿಯಪ್ಪ ತಲೆ ತಗ್ಗಿಸಿ, "ಬುಡು, ವಾಪಸ್ ತಗೊಂಡೋಗಣ" ಅಂದ. ದೊಡ್ಡತಾಯಮ್ಮ ಮೂಟೆಯ ಮೇಲೆ ಹತ್ತಿ ಕೂತಳು. ಹರಾಜಿನವರು ಅವಳನ್ನು ಬಳಸಿಕೊಂಡು ಮುಂದಕ್ಕೆ ಹೋದರು, ಬಿಸಿಲು ಏರಿತು, ಇಳಿಯಿತು, ಕೊನೆಗೆ ಮೂಟೆಯ ಪಕ್ಕ ಬಿಚ್ಚಿ ಒಳಗಿನ ಎಲೆ ಮುಟ್ಟಿ ನೋಡಿದರು. ನೀರಿನ ಪಸೆ ಎಲ್ಲೂ ಇರಲಿಲ್ಲ. ಅಂದವನು ಬಂದು ತಪ್ಪಾಯ್ತು ಅನ್ನುವವರೆಗೂ ಅವಳು ಇಳಿಯಲಿಲ್ಲ.

ಇಂಥವಳ ಜೊತೆ ಒಂದೇ ಮನೆಯಲ್ಲಿ ಬಾಳುವುದು ಸುಲಭವಲ್ಲ. ಓರಗಿತ್ತಿ ಪುಷ್ಪಾಳಿಗೂ ಆಗಲಿಲ್ಲ. ಕರಿಯಪ್ಪನ ತಮ್ಮನನ್ನು ಮದುವೆಯಾಗಿ ಆ ಮನೆಗೆ ಬಂದವಳು ಪುಷ್ಪಾ. ಅವಳಿಗೂ ನಾಲಿಗೆಯಿತ್ತು. ಒಲೆ ಹಚ್ಚುವುದಕ್ಕೊಂದು ಜಗಳ, ಹಸುವಿನ ಹಾಲಿಗೊಂದು ಜಗಳ. ಕೊನೆಗೆ ಅಣ್ಣತಮ್ಮಂದಿರು ಪಾಲಾಗಿ ಹಿತ್ತಲ ನಡುವೆ ಎದೆಮಟ್ಟದ ಗೋಡೆ ಎದ್ದಿತು. ಆಮೇಲೆ ವರ್ಷಗಟ್ಟಲೆ ಇಬ್ಬರಿಗೂ ಮಾತಿಲ್ಲ.

ಮಾತಿಲ್ಲದಿದ್ದರೂ ಸುಣ್ಣ ಇತ್ತು. ಇಬ್ಬರೂ ಎಲೆ ಅಡಿಕೆ ಹಾಕುವವರು. ಸುಣ್ಣ ಕೇಳಿದವರಿಗೆ ಇಲ್ಲ ಅನ್ನಬಾರದು ಅಂತ ಆ ಕಡೆ ಒಂದು ನಡವಳಿಕೆ, ಸುಣ್ಣವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಹುಟ್ಟುತ್ತದೆ ಅಂತ ಇನ್ನೊಂದು. ಹಾಗಾಗಿ ಸುಣ್ಣ ಮುಗಿದವಳು ಗೋಡೆಯ ಬಳಿ ಬಂದು ಕೆಮ್ಮುತ್ತಿದ್ದಳು. ಆಚೆಯವಳು ಬಂದು ತನ್ನ ಡಬ್ಬಿಯನ್ನು ಗೋಡೆಯ ತಲೆಯ ಮೇಲೆ ಇಟ್ಟು, ಬೇರೆ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದಳು. ಜಗಳ ಆಡುತ್ತಲೇ ಇದ್ದವರು ಜಗಳ ಹುಟ್ಟೀತು ಅಂತ ಅಷ್ಟು ಜಾಗ್ರತೆ ಮಾಡುತ್ತಿದ್ದುದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ಆಮೇಲೆ ಪುಷ್ಪಾಳ ದವಡೆಯೊಳಗೆ ಒಂದು ಹುಣ್ಣು ಎದ್ದಿತು. ಹೊಗೆಸೊಪ್ಪು ಬೆಳೆಯುವ ಊರಿನಲ್ಲಿ ಅದನ್ನು ಬಾಯಲ್ಲಿ ಒತ್ತಿಕೊಳ್ಳದವರು ಯಾರು? ಮೈಸೂರಿನಲ್ಲಿ ಆಪರೇಷನ್ ಆಯಿತು, ರೇಡಿಯೇಷನ್ನಿನ ಕರೆಂಟು ಕೊಟ್ಟಿದ್ದಾಯಿತು. ಕೊನೆಗೆ ಡಾಕ್ಟರುಗಳು, ಇನ್ನು ನೋವು ಬಾರದ ಹಾಗೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಲಿರೋದು ಅಂದರು. ಅವಳನ್ನು ಮನೆಗೆ ಕರೆತಂದ ದಿನ ದೊಡ್ಡತಾಯಮ್ಮ ಗೋಡೆ ಬಳಸಿ ಆಚೆ ಮನೆಗೆ ಹೋದಳು. ಹೋದವಳು ಪಕ್ಕದಲ್ಲೇ ಚಾಪೆ ಹಾಸಿಕೊಂಡಳು. ಪುಷ್ಪಾ ತಲೆದಿಂಬಿನ ಕೆಳಗಿಂದ ತನ್ನ ಹಿತ್ತಾಳೆಯ ಸುಣ್ಣದ ಡಬ್ಬಿ ತೆಗೆದು ಚಾಚಿದಳು.

"ಕೈಗೆ ಕೊಡಬ್ಯಾಡ ಕಣಮ್ಮಿ. ಗ್ವಾಡೆ ಮ್ಯಾಲಿಡು," ಅಂದಳು ದೊಡ್ಡತಾಯಮ್ಮ.

"ಗ್ವಾಡೆ ತಂಕ ಓಗಕ್ಕೆ ನಂಗೆಲ್ಲೈತೆ ಸಕ್ತಿ? ಇಡ್ಕೊ ಅಕ್ಕ. ಇನ್ ನಂಗ್ಯಾಕೆ ಇದು," ಅಂದಳು ಪುಷ್ಪಾ.

ದೊಡ್ಡತಾಯಮ್ಮ ಕೈ ಒಡ್ಡಿ ತೆಗೆದುಕೊಂಡಳು. ಅವತ್ತೇ ಹೊಗೆಸೊಪ್ಪು ಬಿಟ್ಟಳು. ಎಲೆ ಅಡಿಕೆ ಬಿಡಲಾಗಲಿಲ್ಲ. ತನ್ನ ಹೊಸ ಪ್ಲಾಸ್ಟಿಕ್ ಡಬ್ಬಿಯನ್ನು ಅಟ್ಟದ ಮೇಲೆ ಎಸೆದು, ಮುಚ್ಚಳ ಸಡಿಲವಾಗಿದ್ದ ಪುಷ್ಪಾಳ ಡಬ್ಬಿಯನ್ನೇ ಸೊಂಟದ ಚೀಲದಲ್ಲಿ ಇಟ್ಟುಕೊಂಡು ಓಡಾಡಿದಳು.

ನೋವಿಗೆ ಮಾರ್ಫಿನ್ ಮಾತ್ರೆ ಬೇಕಿತ್ತು. ಅದು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಹುಣಸೂರಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಕೊಡುತ್ತಿದ್ದರು. ಅಲ್ಲಿನ ಡಾಕ್ಟರ್ ಉಷಾರಾಣಿ, ಎದ್ದು ಬರಲಾಗದ ರೋಗಿಗಳ ಮನೆಗೆ ಜೀಪಿನಲ್ಲಿ ತಾವೇ ಹೋಗಿ ನೋಡಿ ಚೀಟಿ ಬರೆಯುವವರು. ಹಳೆಯ ಮಾತ್ರೆ ಮುಗಿಯುವ ದಿನ ಮನೆಯವರು ಮಾತ್ರೆಯ ಖಾಲಿ ಸ್ಟ್ರಿಪ್ಪುಗಳನ್ನೂ ಆ ಚೀಟಿಯನ್ನೂ ತೆಗೆದುಕೊಂಡು ಹೋಗಿ ಕೌಂಟರಿನಲ್ಲಿ ಕೊಟ್ಟರೆ ಹೊಸ ಮಾತ್ರೆ. ಅದಕ್ಕೆ ಮುಂಚೆ ಹೋದರೆ ಇಲ್ಲ.

ಆ ಸೋಮವಾರ ಉಷಾರಾಣಿ ಬಂದಾಗ ಚೀಟಿ ಬರೆದ ಕಾಗದ ಹೊಸದಾಗಿತ್ತು. ಹಿಂದಿನ ವರ್ಷ ಯಾರೋ ಬಣ್ಣದ ಜೆರಾಕ್ಸ್ ತೆಗೆಸಿ, ಅಂಕಿಯ ಕೊನೆಗೆ ಒಂದು ಸೊನ್ನೆ ಸೇರಿಸಿ, ಅಮಲಿಗೆಂದು ಮಾತ್ರೆ ಒಯ್ದಿದ್ದರು. ಅದನ್ನು ತಿಂದ ಹುಡುಗನೊಬ್ಬ ಸಾಯದೆ ಉಳಿದದ್ದೇ ಹೆಚ್ಚು. ಅದಕ್ಕೆ ಈಗ ಕಾಗದಕ್ಕೇ ಕಾವಲು ಹಾಕಿದ್ದರು. ಬೆಳಕಿಗೆ ಹಿಡಿದರೆ ಒಳಗೊಂದು ದೀಪದ ಗುರುತು ಕಾಣುತ್ತಿತ್ತು. ಜೆರಾಕ್ಸ್ ಮಾಡಿದರೆ ಉದ್ದಗಲಕ್ಕೂ 'ನಕಲು' ಅಂತ ಮೂಡುತ್ತಿತ್ತು. ಮಾತ್ರೆ ಎಷ್ಟು ಅನ್ನುವುದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕಿತ್ತು. ಮೂಲೆಯಲ್ಲಿ ಒಂದು ಗುಲಾಬಿ ಬೊಟ್ಟು. ಬೆರಳಿಟ್ಟು ಉಜ್ಜಿದರೆ ಬಿಸಿಗೆ ಬಣ್ಣ ಮಾಯವಾಗಿ, ತಣ್ಣಗಾದ ಮೇಲೆ ಮತ್ತೆ ಬರುತ್ತಿತ್ತು. ಪುಷ್ಪಾ ಮಲಗಿದಲ್ಲೇ ಅದನ್ನು ಉಜ್ಜಿ ಉಜ್ಜಿ ನೋಡಿ, "ನೋಡಕ್ಕ, ಮೊಕ ಮರೆಸ್ಕಂಡು ಮತ್ತೆ ಬತ್ತದೆ" ಅಂತ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು.

"ಇನ್ನೊಂದಿದೆ," ಅಂದರು ಉಷಾರಾಣಿ. "ಬರೆದದ್ದನ್ನ ಯಾರಾದ್ರೂ ಕೆಮಿಕಲ್ ಹಾಕಿ ಅಳಿಸೋಕೆ ಹೋದ್ರೆ ಕಾಗದದ ಮೇಲೆ ಕಂದು ಕಲೆ ಎದ್ದುಬಿಡುತ್ತೆ. ಒಂದ್ಸಲ ಎದ್ದರೆ ಹೋಗಲ್ಲ. ಜೋಪಾನವಾಗಿ ಇಟ್ಕೊಳಿ, ದೊಡ್ಡತಾಯಮ್ಮ."

ಜೋಪಾನ ಅಂದಮೇಲೆ ದೊಡ್ಡತಾಯಮ್ಮ ಅದನ್ನು ಎಲ್ಲಿಡಬೇಕು? ಪೆಟ್ಟಿಗೆಯಲ್ಲಿಟ್ಟರೆ ಇಲಿ, ಗೂಡಿನಲ್ಲಿಟ್ಟರೆ ಮಕ್ಕಳು. ಹಗಲು ರಾತ್ರಿ ಮೈಬಿಟ್ಟು ಹೋಗದ ಜಾಗ ಒಂದೇ. ಚೀಟಿಯನ್ನು ಮಡಿಸಿ ಎಲೆ ಅಡಿಕೆ ಚೀಲದೊಳಗೆ ಇಟ್ಟು, ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಶುಕ್ರವಾರ ಬೆಳಿಗ್ಗೆ ಮನೆಯಲ್ಲಿ ಮಧ್ಯಾಹ್ನಕ್ಕಾಗುವಷ್ಟು ಮಾತ್ರೆ ಉಳಿದಿತ್ತು. ಪುಷ್ಪಾಳನ್ನು ಅವಳ ಸೊಸೆ ಸ್ಪಂದನಾಳಿಗೆ ಒಪ್ಪಿಸಿ, ಬಿಸಿಲು ಇಳಿಯುವ ಮುಂಚೆ ಬಂದುಬಿಡುತ್ತೇನೆ ಅಂತ ದೊಡ್ಡತಾಯಮ್ಮ ಪಿರಿಯಾಪಟ್ಟಣಕ್ಕೆ ಒಂದು ಬಸ್ಸು, ಅಲ್ಲಿಂದ ಹುಣಸೂರಿಗೆ ಇನ್ನೊಂದು ಬಸ್ಸು ಹಿಡಿದಳು. ಆಸ್ಪತ್ರೆಯ ಕೌಂಟರಿನಲ್ಲಿದ್ದವನು ಮಹದೇವಪ್ರಸಾದ್. ಖಾಲಿ ಸ್ಟ್ರಿಪ್ಪು ಎಣಿಸಿಕೊಂಡ. ಚೀಟಿ ಬಿಡಿಸಿದ. ಮುಖ ಗಂಟಾಯಿತು.

ಮಡಿಕೆಯ ಉದ್ದಕ್ಕೂ, ಸರಿಯಾಗಿ ಮಾತ್ರೆಯ ಲೆಕ್ಕ ಬರೆದ ಸಾಲಿನ ಮೇಲೆ, ಕಂದು ಕಲೆ ಹರಡಿತ್ತು.

"ಇದಕ್ಕೇನು ಹಾಕಿದ್ರಿ?" ಅಂದ.

"ಏನಾಕನಪ್ಪ? ಮಡ್ಚಿ ಮಡಿಕ್ಕಂಡಿದ್ದೆ."

"ಸುಮ್ನೆ ಮಡಚಿಟ್ರೆ ಈ ಕಲೆ ಬರಲ್ಲಮ್ಮ. ಅಳಿಸೋಕೆ ಏನೋ ಹಾಕಿದ್ದೀರಿ. ಇದಕ್ಕೆ ಮಾತ್ರೆ ಕೊಡೋಕಾಗಲ್ಲ."

ಮಹದೇವಪ್ರಸಾದ್ ಕೆಟ್ಟವನಲ್ಲ. ಹಿಂದಿನ ವರ್ಷದ ಕಳ್ಳ ಚೀಟಿಗೆ ಮಾತ್ರೆ ಎಣಿಸಿಕೊಟ್ಟ ಕೈ ಅವನದೇ. ಪೊಲೀಸರ ಮುಂದೆ ನಿಂತದ್ದೂ ಅವನೇ. ಅವತ್ತಿನಿಂದ ಪ್ರತಿ ಚೀಟಿಯನ್ನೂ ಹೆದರಿಕೊಂಡೇ ಬಿಡಿಸುತ್ತಿದ್ದ. ಡಾಕ್ಟರಿಗೆ ಫೋನು ಮಾಡಿದ. ಅವರು ಎಚ್.ಡಿ. ಕೋಟೆ ಕಡೆಯ ಆದಿವಾಸಿ ಹಾಡಿಗಳಿಗೆ ಹೋಗಿದ್ದರು. ಅಲ್ಲಿ ಸಿಗ್ನಲ್ ಇರಲಿಲ್ಲ. ಆಗ ಆಡಳಿತ ನೋಡಿಕೊಳ್ಳುವ ಮಹೇಶ್‌ಕುಮಾರ್ ಒಳಗಿಂದ ಬಂದ. ಚೀಟಿ ನೋಡಿದ, ದೊಡ್ಡತಾಯಮ್ಮನನ್ನು ಮೇಲಿನಿಂದ ಕೆಳಗೆ ನೋಡಿದ, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಇವರು ಚೀಟಿ ತಿದ್ದಿದ್ದಾರೆ" ಅಂದ.

ಒಂದು ಅಚ್ಚಾದ ಹಾಳೆ ತಂದು, ಪುಷ್ಪಾಳ ಹೆಸರು ಬರೆದು ಮುಂದಿಟ್ಟ. "ಇಲ್ಲೊಂದು ಸಹಿ ಹಾಕಮ್ಮ. ಪೊಲೀಸು ಗಿಲೀಸು ಏನೂ ಬೇಡ. ನಾಳೆ ಡಾಕ್ಟ್ರು ಬಂದು ಹೊಸದು ಬರಕೊಡ್ತಾರೆ. ಇವತ್ತಿಗೆ ಬೇರೆ ಏನಾದ್ರೂ ನೋವಿನ ಮಾತ್ರೆ ಕೊಡಿಸ್ತೀನಿ."

"ಏನು ಬರ್ದದೆ ಇದ್ರಲ್ಲಿ?"

ಕೇಳಿದ್ದಕ್ಕೆ ಮಹದೇವಪ್ರಸಾದನೇ ತಗ್ಗಿದ ದನಿಯಲ್ಲಿ ಹೇಳಿದ. ಸಹಿ ಹಾಕಿದರೆ ಚೀಟಿ ತಿದ್ದಿದ್ದು ನಿಜ ಅಂತ ಅವಳು ಒಪ್ಪಿಕೊಂಡ ಹಾಗೆ. ಅನುಮಾನದ ಪಟ್ಟಿಗೆ ಪುಷ್ಪಾಳ ಹೆಸರು ಸೇರುತ್ತದೆ. ಇನ್ನು ಮುಂದೆ ಮನೆಯವರ ಕೈಗೆ ಮಾತ್ರೆ ಇಲ್ಲ. ಪ್ರತಿ ಸಲವೂ ರೋಗಿಯನ್ನೇ ಕರೆತರಬೇಕು.

ದೊಡ್ಡತಾಯಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಪುಷ್ಪಾಳನ್ನು ಪಕ್ಕಕ್ಕೆ ಹೊರಳಿಸಬೇಕಾದರೂ ಇಬ್ಬರು ಬೇಕು. ದವಡೆಗೆ ಗಾಳಿ ತಾಕಿದರೆ ಚೀರುತ್ತಾಳೆ. ಅವಳನ್ನು ಆಟೋದಲ್ಲಿ ಹಾಕಿಕೊಂಡು ಹದಿನೈದು ದಿನಕ್ಕೊಮ್ಮೆ ಹುಣಸೂರಿಗೆ ಬರುವುದೆಂದರೆ, ಆ ಉಬ್ಬು ತಗ್ಗಿನ ರಸ್ತೆಯಲ್ಲಿ ಅವಳು ಜೀವಂತ ಬರುತ್ತಾಳೋ ಇಲ್ಲವೋ. ಸಹಿ ಹಾಕಿದರೆ ಅದು ಖಾಯಂ. ಹಾಕದಿದ್ದರೆ ಇವತ್ತು ಸಂಜೆಯ ಮಾತ್ರೆಯಿಲ್ಲ. ಬೇರೆ ಮಾತ್ರೆ ಪುಷ್ಪಾಳ ನೋವಿಗೆ ಏನೂ ಮಾಡುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು, ನೋಡಿದ್ದಳು.

ಪೆನ್ನನ್ನು ಹಾಳೆಯ ಮೇಲೆ ಹಾಗೇ ಮಲಗಿಸಿದಳು.

"ಮಾಡ್ದಿರ ತಪ್ಪಿಗೆ ನಾನು ಸಹಿ ಆಕಕಿಲ್ಲ. ಅವ್ಳ ಎಸ್ರು ಆ ಪಟ್ಟಿಗೆ ಓಗಕಿಲ್ಲ. ಮಾತ್ರೆ ಇಸ್ಕಳ್ಳೋ ತಂಕ ನಾನಿಲ್ಲಿಂದ ಏಳಕಿಲ್ಲ," ಅಂದು ಸೆರಗು ಸಿಕ್ಕಿಸಿ ಕೌಂಟರಿನ ಎದುರೇ ನೆಲದ ಮೇಲೆ ಕೂತಳು.

ಮಹೇಶ್‌ಕುಮಾರ್ ಹೊಸಬ. ಪಿರಿಯಾಪಟ್ಟಣದ ಮೂಟೆಯ ಕಥೆ ಅವನಿಗೆ ಯಾರು ಹೇಳಬೇಕು? ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತಾಳೆ ಅಂದುಕೊಂಡು ಒಳಗೆ ಹೋದ. ಸಾಲು ಅವಳನ್ನು ಬಳಸಿಕೊಂಡು ನಡೆಯಿತು. ಒಬ್ಬಳು, "ಪಾಪ, ಕೇಳ್ಕಂಡ್ರೆ ಕೊಡ್ತಾರೆ, ಅಠ ಯಾಕೆ" ಅಂದಳು. ಇನ್ನೊಬ್ಬ ಮೂಗು ಮುರಿದು ಹೋದ. ಸೆಕ್ಯುರಿಟಿಯವನು ಬಂದು ಎದ್ದೇಳಿ ಅಂದ. "ಎತ್ಕಂಡೋಗು ನೋಡನ," ಅಂದಳು. ಅವನು ಅವಳ ತೂಕವನ್ನು ಕಣ್ಣಲ್ಲೇ ಅಳೆದು ಬಾಗಿಲ ಬಳಿ ಹೋಗಿ ನಿಂತ.

ಹೊರಗೆ ಕಲ್ಲಿನ ಹಾಗೆ ಕೂತಿದ್ದಳು, ಒಳಗೆ ಹೆದರಿಕೆ. ಈಗ ಸ್ಪಂದನಾ ಕೊನೆಯ ಮಾತ್ರೆ ಕೊಟ್ಟಿರುತ್ತಾಳೆ. ಬಿಸಿಲು ಇಳಿಯುವ ಹೊತ್ತಿಗೆ ನೋವು ದವಡೆಯಿಂದ ಕಿವಿಗೆ ಏರುತ್ತದೆ, ಪುಷ್ಪಾ ಮಂಚದ ಪಟ್ಟಿ ಹಿಡಿದುಕೊಳ್ಳುತ್ತಾಳೆ. ನನ್ನ ಹಠಕ್ಕೆ ಅವಳು ನರಳಬೇಕಾ? ಈ ಪ್ರಶ್ನೆ ಬಂದಾಗ ಕೈ ಎರಡು ಸಲ ಮೇಲಕ್ಕೆ, ಕೌಂಟರಿನಲ್ಲಿದ್ದ ಪೆನ್ನಿನ ಕಡೆ ಹೋಯಿತು. ಎರಡು ಸಲವೂ ಎಳೆದುಕೊಂಡಳು. ಇವತ್ತು ಒಂದು ಸಂಜೆ. ಸಹಿ ಹಾಕಿದರೆ ಸಾಯುವವರೆಗೂ ಪ್ರತಿ ಸಂಜೆ. ಇವರು ಯಾರು ಅವಳನ್ನು ರಸ್ತೆಯಲ್ಲಿ ಎಳೆದಾಡಿಸಲು? ಹೆದರಿಕೆ ತಿರುಗಿ ಸಿಟ್ಟಾಯಿತು. ಎದ್ದು ಕೌಂಟರಿನ ಮುಂದೆ ನಿಂತಳು.

"ಲೋ ಮಗ, ಆ ಚೀಟಿನ ಬೆಳಕಿಗಿಡಿ. ದೀಪ ಐತಾ?"

ಮಹದೇವಪ್ರಸಾದ್ ಹಿಡಿದು ನೋಡಿದ. "ಇದೆ."

"ಬೊಟ್ಟು ಉಜ್ಜು."

ಉಜ್ಜಿದ. ಬಣ್ಣ ಹೋಯಿತು, ಬಂತು.

"ಅಂಕಿ? ಅಕ್ಸರ?"

"ಎರಡೂ ಒಂದೇ ಇದೆ. ಆದ್ರೆ ಕಲೆ ಇದೆಯಲ್ಲಮ್ಮ."

"ನಾನು ಅಳಿಸಿದ್ರೆ ಅಂಕಿ ಅಂಗೇ ಯಾಕೈತೆ? ಅದೇನ್ ಕೆಮಿಕಲ್ಲು ಆಕಿದೀನಿ ಅಂದ್ಯಲ್ಲ, ಹುಡ್ಕು. ಆ ಚೀಟಿ ನನ್ ಸೊಂಟ ಬುಟ್ಟು ಎಲ್ಲೂ ಓಗಿಲ್ಲ. ನನ್ತಾವ ಇರದು ಇಷ್ಟೆಯ!" ಅಂದವಳೇ ಚೀಲವನ್ನು ಕೌಂಟರಿನ ಮೇಲೆ ತಲೆಕೆಳಗೆ ಕೊಡವಿದಳು.

ಬಾಡಿದ ಎಲೆ ಬಿದ್ದವು, ಅಡಿಕೆ ಚೂರು ಬಿದ್ದವು, ಬಸ್ ಟಿಕೆಟು, ಒಂದು ಪಿನ್ನು. ಕೊನೆಗೆ ಠಣ್ಣೆಂದು ಹಿತ್ತಾಳೆಯ ಡಬ್ಬಿ ಬಿತ್ತು. ಮುಚ್ಚಳ ಒಂದು ಕಡೆ, ಡಬ್ಬಿ ಒಂದು ಕಡೆ ಉರುಳಿ ಬೆಳ್ಳಗೆ ಒದ್ದೆ ಸುಣ್ಣ ಕೌಂಟರಿಗೆ ಮೆತ್ತಿಕೊಂಡಿತು.

ಮಹದೇವಪ್ರಸಾದ್ ಅದನ್ನೇ ನೋಡುತ್ತ ನಿಂತ. ಚೀಲದ ಒಳಬಟ್ಟೆಯನ್ನು ಹೊರಕ್ಕೆ ಎಳೆದು ನೋಡಿದ. ಅಲ್ಲೂ ಸುಣ್ಣದ ಗೀರು. ಡ್ರಾಯರಿನಿಂದ, ಬರೆಯುವಾಗ ತಪ್ಪಾಗಿ ಅಡ್ಡಗೆರೆ ಎಳೆದು ಬಿಟ್ಟಿದ್ದ ಒಂದು ಚೀಟಿಯ ಹಾಳೆ ತೆಗೆದ. ಕಡ್ಡಿಯ ತುದಿಯಲ್ಲಿ ಸುಣ್ಣ ತೆಗೆದು ಅದರ ಮೇಲೆ ಎಳೆದ. ಸಾಲಿನಲ್ಲಿದ್ದವರು ಕತ್ತು ಚಾಚಿದರು. ಸುಣ್ಣದ ಅಂಚಿನಿಂದ ಕಾಗದ ಮೆಲ್ಲಗೆ ಕಂದಾಗತೊಡಗಿತು. ಅದೇ ಬಣ್ಣ.

"ಸುಣ್ಣ," ಅಂದ. ಆಮೇಲೆ ಅವಳ ಮುಖ ನೋಡಿ, "ಕಾಗದಕ್ಕೆ ಅದೂ ಕೆಮಿಕಲ್ಲೇ ಅಮ್ಮ. ನನಗೆ ಹೊಳೀಲೇ ಇಲ್ಲ. ನಮ್ಮವ್ವನೂ ಎಲೆ ಅಡಿಕೆ ಹಾಕ್ತಾರೆ" ಅಂದ.

ದೊಡ್ಡತಾಯಮ್ಮ ಉರುಳಿದ ಡಬ್ಬಿಯನ್ನು ಎತ್ತಿಕೊಂಡಳು. ಪುಷ್ಪಾಳ ಡಬ್ಬಿ! ಅವಳ ಮಾತ್ರೆಗೆ ಅವಳ ಡಬ್ಬಿಯೇ ಅಡ್ಡ ಬಂದಿತ್ತು. ಅಳು ಬರುವ ಹಾಗಾಯಿತು. ಬೆರಳಿನಿಂದ ಸುಣ್ಣವನ್ನು ಬಳಿದು ಡಬ್ಬಿಯೊಳಗೆ ತುಂಬಿ ಮುಚ್ಚಳ ಒತ್ತಿದಳು, ಬೇಕೆಂದೇ ನಿಧಾನವಾಗಿ ಒತ್ತಿದಳು.

ಮಹದೇವಪ್ರಸಾದ್ ಮತ್ತೆ ಮತ್ತೆ ಫೋನು ಹಚ್ಚಿದ. ಉಷಾರಾಣಿಯವರ ಜೀಪು ಹ್ಯಾಂಡ್‌ಪೋಸ್ಟ್ ಸರ್ಕಲ್ಲಿಗೆ ಬಂದಾಗ ಲೈನು ಸಿಕ್ಕಿತು. ಕಲೆಯಾದ ಚೀಟಿಗೆ ಮಾತ್ರೆ ಕೊಡಬೇಡಿ, ಅದು ಸರಿಯಲ್ಲ, ನಾನೇ ಬಂದು ಹೊಸದು ಬರೆಯುತ್ತೇನೆ, ಅವರನ್ನು ಕೂರಿಸಿ ಅಂದರು. ಕೂರಿಸುವುದಕ್ಕೆ ಯಾರೂ ಕಷ್ಟಪಡಬೇಕಾಗಲಿಲ್ಲ. ಡಾಕ್ಟರು ಬಂದವರೇ ಹಳೆಯ ಚೀಟಿಗೆ ಅಡ್ಡಗೆರೆ ಎಳೆದು ಹೊಸದು ಬರೆದರು, ಮಹದೇವಪ್ರಸಾದ್ ಮಾತ್ರೆ ಎಣಿಸಿ ಪೊಟ್ಟಣ ಕಟ್ಟಿ ಕೊಟ್ಟ. ದೊಡ್ಡತಾಯಮ್ಮ ಪೊಟ್ಟಣವನ್ನು ಮಡಿಲಿಗೆ ಕಟ್ಟಿಕೊಂಡಳು. ಕಟ್ಟಿಕೊಂಡವಳು ಬಾಗಿಲ ಕಡೆ ಹೋಗದೆ ಮಹೇಶ್‌ಕುಮಾರನ ಕೋಣೆಗೆ ನಡೆದಳು.

"ಆ ಆಳೆ ಎಲ್ಲಿ?"

"ಆಯ್ತಲ್ಲಮ್ಮ, ಮಾತ್ರೆ ಸಿಕ್ತಲ್ಲ. ಹೋಗಿ ಇನ್ನು."

"ಆಗಿಲ್ಲ. ಅದ್ರಲ್ಲಿ ಪುಷ್ಪನ ಎಸ್ರು ಬರ್ದಿದ್ರಿ. ಒಡೀರಿ ಅದನ್ನ."

ಅವನು ಡಾಕ್ಟರ ಮುಖ ನೋಡಿದ. ಉಷಾರಾಣಿ ಕಿಟಕಿಯ ಆಚೆ ನೋಡುತ್ತಿದ್ದರು. ಅವನು ಹೆಸರಿನ ಮೇಲೆ ಗೆರೆ ಎಳೆದು 'ರದ್ದು' ಅಂತ ಬರೆದ.

"ಇನ್ನೊಂದು ಐತೆ," ಅಂದಳು. "ಇವ್ರು ಚೀಟಿ ತಿದ್ದವ್ರೆ ಅಂತ ಅಷ್ಟು ಜನ್ರ ಮುಂದೆ ಅಂದ್ರಲ್ಲ. ಈಗ ತಿದ್ದಿಲ್ಲ ಅಂತ ಅಲ್ಲೇ ನಿಂತು, ಅದೇ ಗಂಟ್ಲಲ್ಲಿ ಅನ್ನಿ. ಇಲ್ದಿದ್ರೆ ನಾನಿಲ್ಲೇ ಕೂತ್ಕತೀನಿ."

ಇಷ್ಟು ಹೊತ್ತಿಗೆ ಅವನಿಗೂ ಅವಳು ಕೂರುವುದೆಂದರೆ ಏನು ಅಂತ ಅರ್ಥವಾಗಿತ್ತು. ಕೌಂಟರಿನ ಬಳಿ ಬಂದು, ಕೆಂಪಾಗಿ, ಇವರು ಚೀಟಿ ತಿದ್ದಿಲ್ಲ, ನಮ್ಮಿಂದ ತಪ್ಪಾಯಿತು ಅಂತ ಹೇಳಿದ. ಬೆಳಗಿನ ಸಾಲಿನವರು ಯಾರೂ ಅಲ್ಲಿರಲಿಲ್ಲ. ಇದ್ದ ಒಂದಿಬ್ಬರಿಗೆ ಏನೂ ತಿಳಿಯಲಿಲ್ಲ. ಆದರೂ ಅವಳು ಪೂರ್ತಿ ಕೇಳಿಸಿಕೊಂಡಳು.

ಹೊರಡುವಾಗ ಉಷಾರಾಣಿ, "ಆ ಡಬ್ಬಿ ಬಿಸಾಕಿ, ಗಟ್ಟಿ ಮುಚ್ಚಳದ್ದು ತಗೊಳಿ" ಅಂದರು. ಅವಳು ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸಿಗೆ ನಡೆದಳು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಪುಷ್ಪಾ ಮಂಚದ ಪಟ್ಟಿಯನ್ನು ಬೆರಳು ಬಿಳಿಚುವಷ್ಟು ಬಿಗಿಹಿಡಿದಿದ್ದಳು, ಸ್ಪಂದನಾ ಪಕ್ಕದಲ್ಲಿ ಅಳುತ್ತ ಕೂತಿದ್ದಳು. ದೊಡ್ಡತಾಯಮ್ಮ ಚಪ್ಪಲಿ ಕೂಡ ಬಿಡದೆ ಹೋಗಿ ಮಾತ್ರೆ ನುಂಗಿಸಿದಳು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ತಡ ಆಗೋಯ್ತು ಕಣವ್ವ, ತಡ ಆಗೋಯ್ತು" ಅನ್ನುತ್ತ ಹಣೆ ಸವರಿದಳು. ಆಮೇಲೆ ಆ ಬೆರಳುಗಳು ಒಂದೊಂದಾಗಿ ಪಟ್ಟಿ ಬಿಟ್ಟವು.

ನೋವು ತಗ್ಗಿದ ಮೇಲೆ ಪುಷ್ಪಾ ಏನಾಯಿತು ಅಂತ ಕಣ್ಣಲ್ಲೇ ಕೇಳಿದಳು. ದೊಡ್ಡತಾಯಮ್ಮ ಎಲ್ಲವನ್ನೂ ಹೇಳಿದಳು. ಸೆಕ್ಯುರಿಟಿಯವನು ತನ್ನ ತೂಕ ಅಳೆದದ್ದು, ಮಹೇಶ್‌ಕುಮಾರ್ ಕೆಂಪಾದದ್ದು. ಸುಣ್ಣದ ಮಾತು ಬಂದಾಗ ದನಿ ತಗ್ಗಿಸಿ, ಸೊಂಟದಿಂದ ಡಬ್ಬಿ ತೆಗೆದು ತೋರಿಸಿದಳು.

ಪುಷ್ಪಾ ಸೊಟ್ಟ ಬಾಯಲ್ಲೇ ನಕ್ಕಳು. ಒಂದೊಂದೇ ಮಾತನ್ನು ಕಷ್ಟಪಟ್ಟು ಹೊರಗೆ ತಂದಳು.

"ಕೈಗೆ ಕೊಟ್ಬುಟ್ಟಿದ್ನಲ್ಲಕ್ಕ... ಜಗಳ ಆಗ್ಲೇಬೇಕಿತ್ತು... ನಮ್ಮಿಬ್ರಿಗೆ ಆಗ್ನಿಲ್ವಲ್ಲ."

ದೊಡ್ಡತಾಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮ್ದು ಮುಗೀತು ಬುಡು. ಊರೋರ್ ಜೊತೆ ಎಷ್ಟ್ ಬೇಕಾದ್ರೂ ಆಗ್ಲಿ, ನಾನಿವ್ನಿ. ಬಿಸಾಕು ಅಂದ್ರು ಡಾಕ್ಟ್ರು. ಅವ್ರ ಅಪ್ಪ ಬಂದ್ರೂ ಬಿಸಾಕಕಿಲ್ಲ."

ಸೀರೆಯ ಅಂಚಿನಿಂದ ಒಂದು ದಾರ ಎಳೆದು, ಸಡಿಲ ಮುಚ್ಚಳದ ಸುತ್ತ ಬಿಗಿಯಾಗಿ ಸುತ್ತಿ, ಡಬ್ಬಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.